ಹೊರಗೆ ಹೋದವನು ಮತ್ತೆ ಆಡುವಂತಿಲ್ಲ

ಅಮೆರಿಕದ ಗಾಜಿನ ಕಾರ್ಖಾನೆಯ ಊರೊಂದರ ಬೇಸ್‌ಬಾಲ್ ತಂಡ ನೂರು ವರ್ಷಗಳಿಗೂ ಹಿಂದೆ ಉಂಡ ಸೋಲುಗಳಿಗಾಗಿ, ಐರ್‌ಲೆಂಡಿನಲ್ಲಿ ಕುಳಿತು ಇಬ್ಬರು ಕನ್ನಡಿಗರು ವಿಧ್ಯುಕ್ತವಾಗಿ ಶೋಕ ಆಚರಿಸಿದ್ದುಂಟು. ಅವರಲ್ಲಿ ಒಬ್ಬ ನಾನು. ಇನ್ನೊಬ್ಬರು ಹುಬ್ಬಳ್ಳಿಯವರು. ನಾನು ಅವರನ್ನು ಸಾಹೇಬರೇ ಎನ್ನುತ್ತೇನೆ, ಅವರು ನನ್ನನ್ನು ರಾಯರೇ ಎನ್ನುತ್ತಾರೆ. ನಾನು ರಾಯನಲ್ಲ, ಅವರು ಯಾರ ಸಾಹೇಬರೂ ಅಲ್ಲ. ಇಬ್ಬರೂ ಬೇರೆಯವರ ತಪ್ಪು ಹುಡುಕಿ ಹೊಟ್ಟೆ ಹೊರೆಯುವವರು: ನಾನು ಡಬ್ಲಿನ್ ಪಕ್ಕದ ಡನ್ ಲಿಯರಿಯಲ್ಲಿ ಕುಳಿತು ಸಾಫ್ಟ್‌ವೇರಿನ ತಪ್ಪುಗಳನ್ನು, ಅವರು ದೇಶದ ಇನ್ನೊಂದು ಅಂಚಿನ ಸ್ಲೈಗೋದ ಒಂದು ಕಾರ್ಖಾನೆಯಲ್ಲಿ ನಿಂತು ಪ್ಲಾಸ್ಟಿಕ್ ನಳಿಕೆಗಳ ತಪ್ಪುಗಳನ್ನು.

ಪರಿಚಯವಾದದ್ದು ಕ್ರಿಕೆಟ್ ಮೈದಾನದ ಅಂಚಿನ ಒಂದು ಮರದ ಗೂಡಿನಲ್ಲಿ. ಸ್ಲೈಗೋಕ್ಕೆ ಹೋಗುವ ಮೊದಲು ಅವರೂ ನಮ್ಮ ಕಡೆಯೇ ಇದ್ದರು. ಶನಿವಾರದ ಲೀಗ್ ಪಂದ್ಯಗಳಲ್ಲಿ ಆಡುವ ವಯಸ್ಸನ್ನು ಇಬ್ಬರೂ ದಾಟಿದ್ದೆವು. ಆಡುವ ವಯಸ್ಸಿನಲ್ಲೂ ಆಡಿದವರಲ್ಲ, ಆ ಮಾತು ಬೇರೆ. ಅವರ ತಂಡಕ್ಕೆ ಅವರು ಸ್ಕೋರರ್, ನಮ್ಮ ತಂಡಕ್ಕೆ ನಾನು. ಇಬ್ಬರೂ ಪಕ್ಕಪಕ್ಕ ಕುಳಿತು ಬರೆಯಬೇಕು, ಪ್ರತಿ ಓವರಿನ ಕೊನೆಗೆ ಎರಡು ಪುಸ್ತಕಗಳೂ ತಾಳೆಯಾಗಬೇಕು. ಆಗದಿದ್ದರೆ ತಪ್ಪು ನನ್ನದೇ. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಸಲ ಅವರ ಪುಸ್ತಕದಲ್ಲಿ ಒಂದು ಲೆಗ್ ಬೈ ಬಿಟ್ಟುಹೋಗಿತ್ತು. ಆ ದಿನ ಅವರಿಗೆ ಮೈ ಸುಡುವ ಜ್ವರವಿತ್ತೆಂದು ಆಮೇಲೆ ತಿಳಿಯಿತು.

ಕೊರೋನಾ ಬಂದ ವರ್ಷದ ಫೆಬ್ರವರಿಯಲ್ಲಿ ಅವರ ಹೆಂಡತಿ, ಹನ್ನೊಂದು ವರ್ಷದ ಮಗಳನ್ನು ಕರೆದುಕೊಂಡು ತಮ್ಮನ ಮದುವೆಗೆ ಹುಬ್ಬಳ್ಳಿಗೆ ಹೋದರು. ಹೋದದ್ದು ಒಂದು ತಿಂಗಳಿಗೆಂದು. ತಿಂಗಳು ತುಂಬುವಷ್ಟರಲ್ಲಿ ವಿಮಾನಗಳು ನಿಂತು, ದೇಶಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಸಾಹೇಬರಿಗೆ ಆ ವರ್ಷ ಬೇಕಾಗಿದ್ದುದು ಒಂದೇ: ಹೆಂಡತಿ ಮಗಳು ವಾಪಸ್ ಬರಬೇಕು, ಮಗಳು ಸೆಪ್ಟೆಂಬರಿಗೆ ಸ್ಲೈಗೋದ ತನ್ನ ಶಾಲೆಯಲ್ಲೇ ಕೂರಬೇಕು. ಮಗಳು ಹುಟ್ಟಿದ್ದು ಇಲ್ಲಿ. ಕನ್ನಡದಲ್ಲಿ ಕೇಳಿದರೆ ಸ್ಲೈಗೋದ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಹುಬ್ಬಳ್ಳಿಯ ಅಜ್ಜಿ ಅದನ್ನು ಕೇಳಿ ಹುಡುಗಿಗೆ ಗಂಟಲ ಬೇನೆಯೆಂದು ಕಷಾಯ ಕುಡಿಸಿದ್ದರಂತೆ.

ಕ್ರಿಕೆಟ್ ಋತು ಶುರುವಾಗುವುದಿಲ್ಲವೆಂದು ಕ್ಲಬ್ಬಿನಿಂದ ಪತ್ರ ಬಂತು. ಮನೆಯಿಂದ ಎರಡು ಕಿಲೋಮೀಟರಿಗಿಂತ ಆಚೆ ಹೋಗಬಾರದೆಂದು ಸರಕಾರದ ಅಪ್ಪಣೆಯಾಯಿತು. ನನ್ನ ಎರಡು ಕಿಲೋಮೀಟರಿನೊಳಗೆ ಬಂದರಿನ ಉದ್ದನೆಯ ಕಟ್ಟೆಯೂ ಸಾಕಷ್ಟು ಸಮುದ್ರವೂ ಇದ್ದವು. ಸಾಹೇಬರ ಎರಡು ಕಿಲೋಮೀಟರಿನೊಳಗೆ ಒಂದು ಪೆಟ್ರೋಲ್ ಬಂಕ್, ಒಂದು ಸ್ಮಶಾನ. ಒಂದು ಸಂಜೆ ಅವರ ಫೋನ್ ಬಂತು.

“ರಾಯ್ರ, ಒಂದು ಸೀಸನ್ ಸಿಕ್ಕೈತ್ರಿ.”

“ಎಲ್ಲಿ? ಯಾರು ಆಡ್ತಿದಾರೆ ಈಗ?”

“ಯಾರೂ ಇಲ್ರಿ. ಎಲ್ಲಾರೂ ಸತ್ತಾರ.”

ಯಾವುದೋ ಗ್ರಂಥಾಲಯ ಹಳೆಯ ದಿನಪತ್ರಿಕೆಯೊಂದನ್ನು ಪುಟಪುಟವಾಗಿ ಚಿತ್ರ ತೆಗೆದು ಇಂಟರ್‌ನೆಟ್ಟಿನಲ್ಲಿ ಹಾಕಿತ್ತು. ಅದರಲ್ಲಿ ಆ ಗಾಜಿನ ಕಾರ್ಖಾನೆಯ ಊರಿನ ವೃತ್ತಿಪರ ಬೇಸ್‌ಬಾಲ್ ತಂಡದ ಒಂದು ಇಡೀ ಬೇಸಿಗೆಯ ಆಟ, ದಿನಕ್ಕೊಂದರಂತೆ, ಯಾರು ಎಷ್ಟು ಹೊಡೆದರು ಯಾರು ಎಷ್ಟು ಕೈಬಿಟ್ಟರು ಎಂಬ ಪಟ್ಟಿಯ ಸಮೇತ. ವೃತ್ತಿಪರ ಎಂದರೆ ಸಂಬಳ ಕೊಡುತ್ತಿದ್ದರು ಎಂದಷ್ಟೇ ಅರ್ಥ. ಲೀಗುಗಳ ಏಣಿಯಲ್ಲಿ ಇವರದು ನೆಲಕ್ಕೆ ಊರಿದ ಮೆಟ್ಟಿಲು. ಸಾಹೇಬರು ಆ ಕಾಲದ ನಿಯಮಪುಸ್ತಕವನ್ನೂ ಹುಡುಕಿ ಓದಿ ಮುಗಿಸಿದ್ದರು. ನಳಿಕೆ ಪರೀಕ್ಷಿಸುವವರ ಸ್ವಭಾವ.

ಒಪ್ಪಂದವಾಯಿತು. ದಿನವೂ ಸಂಜೆ ಐದಕ್ಕೆ ಅವರು ಒಂದು ದಿನದ ಆಟವನ್ನು ಓದುವುದು, ನಾನು ನನ್ನ ಕ್ರಿಕೆಟ್ ಪುಸ್ತಕದಲ್ಲಿ ಹೇಗೋ ಹೊಂದಿಸಿ ಬರೆಯುವುದು. ಮುಂದಿನ ಪುಟವನ್ನು ಯಾರೂ ಮುಂಚಿತವಾಗಿ ನೋಡಕೂಡದು. “ನೋಡಿದವ್ರು ಬಾಯಿ ಬಿಟ್ರೆ?” ಎಂದೆ. “ನೋಡಿದ್ರ ನಿಮ್ಮ ದನೀಲೇ ತಿಳೀತೈತ್ರಿ, ಬಾಯಿ ಬಿಡೂದೇನು ಬ್ಯಾಡ” ಎಂದರು.

ಉದ್ಘಾಟನೆಯ ದಿನ ಬ್ಯಾಂಡ್ ಇತ್ತು. ಮೇಯರು ಮೊದಲ ಚೆಂಡೆಸೆದರು. ಅದು ಬ್ಯಾಂಡಿನ ಡೋಲಿಗೆ ಬಿತ್ತು. ಪತ್ರಿಕೆಯವನು ಶುಭಸೂಚನೆ ಎಂದು ಬರೆದ. ನಮ್ಮವರು ಸೋತರು. ನಮ್ಮವರು ಎನ್ನಲು ನಮಗೆ ಮೂರು ದಿನ ಹಿಡಿಯಲಿಲ್ಲ. ಆಟಗಾರರಿಗೆ ಹೆಸರಿಟ್ಟುಕೊಂಡೆವು. ಎಡಗೈಯಲ್ಲಿ ಎಸೆಯುವವನು ಎಡಚ. ನಡುವೆ ನಿಂತು ಬಂದ ಚೆಂಡನ್ನೆಲ್ಲ ಕಾಲ ಸಂದಿಯಲ್ಲಿ ಬಿಡುವವನು ತೂತುಬುಟ್ಟಿ. ಅವರ ನಿಜವಾದ ಹೆಸರುಗಳಲ್ಲಿ ಅರ್ಧಕ್ಕರ್ಧ ಐರಿಷ್. “ಇವೆಲ್ಲಾ ಹೆಸರು ನಮ್ಮ ಸ್ಲೈಗೋದ ಅಂಗಡಿ ಬೋರ್ಡಿನ ಮ್ಯಾಲ ಅದಾವ್ರಿ. ಉಳಿದವು ಇಲ್ಲೇ ಹಿಂದ ಕಲ್ಲಿನ ಮ್ಯಾಲ” ಎಂದರು ಸಾಹೇಬರು. ಹಿಂದೆ ಎಂದರೆ ಸ್ಮಶಾನ.

ಆ ಆಟದಲ್ಲಿ ನನ್ನನ್ನು ಸೆರೆಹಿಡಿದದ್ದು ಒಂದು ಅಂಕಣ. ರನ್ನು, ಹೊಡೆತ, ಅದಾದ ಮೇಲೆ ತಪ್ಪು. ಯಾರ ತಪ್ಪು, ಎಷ್ಟು ತಪ್ಪು ಎಂದು ಹೆಸರಿನ ಮುಂದೆ ಅಚ್ಚು ಹಾಕುತ್ತಾರೆ. ಕ್ರಿಕೆಟ್ಟಿನಲ್ಲಿ ಕ್ಯಾಚ್ ಬಿಟ್ಟವನ ಪಾಪ ಸಂಜೆಗೆ ಕರಗುತ್ತದೆ. ಇಲ್ಲಿ ಶತಮಾನ ಕಳೆದರೂ ತೂತುಬುಟ್ಟಿಯ ಮೂರು ತಪ್ಪು ಮೂರೇ. ಎಲ್ಲ ವಿಚಾರಣಾ ಆಯೋಗಗಳೂ ಇಷ್ಟು ಚಿಕ್ಕ ವರದಿ ಕೊಡುವಂತಾದರೆ ದೇಶ ಉದ್ಧಾರವಾದೀತೆಂದು ನಾನು ಹೆಂಡತಿಗೆ ಹೇಳಿದೆ.

“ಸತ್ತೋರ ಆಟಕ್ಕೆ ಇಷ್ಟು ಸಂಭ್ರಮ. ಬದುಕಿರೋರು ಹಾಲು ತರಕ್ಕೆ ಕ್ಯೂ ನಿಂತಿದಾರೆ, ಹೋಗಿ” ಎಂದಳು.

ಪಟ್ಟಿಯ ಕೆಳಗೆ ದಿನವೂ ಅದೇ ಒಂದು ಜಾಹೀರಾತು ಇರುತ್ತಿತ್ತು: ಕುರ್ಚಿ, ಮೇಜು, ತೊಟ್ಟಿಲು ಹಾಗೂ ಶವಪೆಟ್ಟಿಗೆ, ಎಲ್ಲವೂ ಒಂದೇ ಅಂಗಡಿಯಲ್ಲಿ. ಮೊದಮೊದಲು ಸಾಹೇಬರು ಅದನ್ನೂ ಓದಿ ನಗುತ್ತಿದ್ದರು. ಏಪ್ರಿಲ್ ನಡುವಿನಲ್ಲಿ ಓದುವುದನ್ನು ಬಿಟ್ಟರು. ಆ ಹೊತ್ತಿಗೆ ಇಲ್ಲಿ ದಿನದ ಸಾವಿನ ಎಣಿಕೆಯನ್ನು ಸಂಜೆಯ ವಾರ್ತೆಯಲ್ಲಿ ಹೇಳುತ್ತಿದ್ದರು. ಅದಕ್ಕೆ ಮುಂಚೆ ಆಟ ಮುಗಿಸಿಕೊಳ್ಳುವುದೆಂದು ನಾವು ಮಾತಿಲ್ಲದೆ ನಿರ್ಧರಿಸಿದ್ದೆವು.

ನಮ್ಮ ತಂಡ ಒಂದು ವಾರ ಸತತವಾಗಿ ಗೆದ್ದಿತು. ಅದೇ ಅಪಶಕುನವಾಗಿರಬೇಕು. ಆಮೇಲೆ ಬಿದ್ದ ಮಳೆ ಬಿಡಲಿಲ್ಲ. ಜನ ಬರುವುದು ಕಡಿಮೆಯಾಯಿತು. ದೂರದ ಹುಲ್ಲಿನಲ್ಲಿ ನಿಲ್ಲುತ್ತಿದ್ದ ಒಬ್ಬ, ಹೊಲದ ಕೆಲಸ ಹೆಚ್ಚಾಯಿತೆಂದು ಊರಿಗೆ ಹೋದವನು ಬರಲೇ ಇಲ್ಲ. ಅವನ ಜಾಗಕ್ಕೆ ಮಂಜುಗಡ್ಡೆಯ ಗಾಡಿ ಹೊಡೆಯುವವನನ್ನು ನಿಲ್ಲಿಸಿದರು. ಮ್ಯಾನೇಜರನಿಗೆ ತಲೆ ನರೆತಿತ್ತು, ಅವನೂ ಕೈಗೆ ಗವಸು ಹಾಕಿ ಆಡಲಿಳಿದ. ಪತ್ರಿಕೆಯವನ ವರದಿ ದಿನದಿನಕ್ಕೆ ಗಿಡ್ಡವಾಯಿತು. ಮೊದಲು ಅರ್ಧ ಪುಟ ಬರೆದು ಮೋಡಗಳನ್ನೂ ವರ್ಣಿಸುತ್ತಿದ್ದವನು ಕೊನೆಕೊನೆಗೆ “ನಿನ್ನೆಯೂ ಹಾಗೆಯೇ” ಎಂದು ಬರೆದು ಪಟ್ಟಿ ಹಾಕುತ್ತಿದ್ದ.

“ಇದು ಸರಿ ಕಾಣವಲ್ದು” ಎಂದರು ಸಾಹೇಬರು ಒಂದು ದಿನ.

“ಸೋಲೋದಾ?”

“ಸೋಲೂದು ಅಲ್ರಿ. ಬರೆಯಾಂವಗ ಬ್ಯಾಸರ ಬಂದೈತಿ. ಹಂಗ ಆದ ಮ್ಯಾಲ ಭಾಳ ದಿನ ನಡಿಯೂದಿಲ್ಲ.” ಎಂದವರೇ ಕೆಮ್ಮಿದರು. ಐದನೆಯ ಇನ್ನಿಂಗ್ಸಿನಲ್ಲಿ ಮತ್ತೆ ಕೆಮ್ಮಿದರು. ಏಳರಲ್ಲಿ ಆಟ ನಿಲ್ಲಿಸಿ ಕೆಮ್ಮಿದರು.

“ಏನ್ ಸಾಹೇಬ್ರೇ?”

“ಏನಿಲ್ರಿ. ಗ್ರ್ಯಾಂಡ್.”

ಈ ದೇಶದಲ್ಲಿ ಗ್ರ್ಯಾಂಡ್ ಎಂದರೆ ಭವ್ಯ ಎಂದರ್ಥವಲ್ಲ. ಕಾಲು ಮುರಿದವನೂ ಗ್ರ್ಯಾಂಡ್, ಮನೆ ಸುಟ್ಟವನೂ ಗ್ರ್ಯಾಂಡ್. ಸದ್ಯಕ್ಕೆ ನನ್ನ ವಿಷಯ ಬಿಡಿ ಎನ್ನುವುದಕ್ಕೆ ಇವರಲ್ಲಿರುವ ಸಭ್ಯ ಮಾತು ಅದು. ಸಾಹೇಬರು ಅದನ್ನು ಚೆನ್ನಾಗಿ ಕಲಿತಿದ್ದರು. ನಾಲ್ಕನೆಯ ದಿನ ಅವರು ಆಂಬ್ಯುಲೆನ್ಸಿನಿಂದ ಫೋನ್ ಮಾಡಿದರು. “ರಾಯ್ರ, ಕಣ್ಣು ಮಂಜಾಗ್ಯಾವ, ಓದಾಕ ಆಗೂದಿಲ್ಲ. ಇನ್ನ ಮ್ಯಾಲ ಆಟ ನೀವ ಓದ್ರಿ. ಇಲ್ಲಿ ಆಸ್ಪತ್ರ್ಯಾಗ ನಿಮ್ಮ ನಂಬರ್ ಕೊಡ್ತೀನಿ. ಮನಿಯಾಗ ಈಗ ಹೇಳಬ್ಯಾಡ್ರಿ.”

ಹೀಗೆ ಅವರ ಆಟ, ಅವರ ದೇಹ ಎರಡರ ವರದಿಯೂ ನನ್ನ ಪಾಲಿಗೆ ಬಂತು. ಮಧ್ಯಾಹ್ನ ಹನ್ನೆರಡಕ್ಕೆ ಒಬ್ಬ ಡಾಕ್ಟರಮ್ಮ ನನಗೆ ಫೋನ್ ಮಾಡಿ ಆಮ್ಲಜನಕ ಎಷ್ಟು, ಜ್ವರ ಎಷ್ಟು ಎಂದು ಹೇಳುವರು. ಸಂಜೆ ಐದಕ್ಕೆ ನಾನು ಸಾಹೇಬರಿಗೆ ಫೋನ್ ಮಾಡಿ ಆಟ ಓದುವೆ. ಅವರು ಮುಖಕ್ಕೆ ಹಾಕಿದ್ದ ಆಮ್ಲಜನಕದ ಮುಸುಕಿನ ಹಿಂದಿನಿಂದ ಕೇಳಿಸಿಕೊಳ್ಳುವರು. ಕೊನೆಗೆ ಪ್ರತಿದಿನದ ಪ್ರಶ್ನೆ: “ನಾಳೆ ಯಾರ ಮ್ಯಾಲ?”

ಮೂರನೆಯ ದಿನ ಪತ್ರಿಕೆಯ ಪುಟ ತೆರೆದರೆ ಪಟ್ಟಿ ಇರಲಿಲ್ಲ. ಆರು ಸಾಲಿನ ಪ್ರಕಟಣೆ ಇತ್ತು. ತಂಡವನ್ನು ಮುಚ್ಚಲಾಗಿದೆ. ಆಟಗಾರರನ್ನು ಅವರವರ ಊರಿನ ರೈಲು ಹತ್ತಿಸಲಾಗಿದೆ. ಮೈದಾನವನ್ನು ಹುಲ್ಲು ಬೆಳೆಯಲು ಕೊಡಲಾಗುವುದು. ಅದರ ಕೆಳಗೆ ಎಂದಿನಂತೆ ಕುರ್ಚಿ, ಮೇಜು, ತೊಟ್ಟಿಲು ಇತ್ಯಾದಿ. ನಾನು ಮುಂದಿನ ವಾರದ, ಮುಂದಿನ ತಿಂಗಳ ಪುಟಗಳನ್ನೆಲ್ಲ ತಿರುವಿ ನೋಡಿದೆ. ಊರಿನವರು ಏನೂ ಆಗದವರಂತೆ ಚರ್ಚಿನ ಊಟಕ್ಕೆ ಹೋಗುತ್ತಿದ್ದರು.

ಆ ಸಂಜೆ ಸಾಹೇಬರಿಗೆ “ಇವತ್ತು ಮಳೆ, ಆಟ ಇಲ್ಲ” ಎಂದೆ. ಮರುದಿನ ಮಧ್ಯಾಹ್ನ ಡಾಕ್ಟರಮ್ಮ ಫೋನ್ ಮಾಡಿದರು. ಅವರ ದನಿ ತುಂಬ ಮೃದುವಾಗಿತ್ತು, ಅದರಿಂದಲೇ ನನಗೆ ಭಯವಾಯಿತು. ನಾಳೆ ಬೆಳಿಗ್ಗೆ ಇವರನ್ನು ಐಸಿಯುಗೆ ಒಯ್ದು ವೆಂಟಿಲೇಟರ್ ಹಾಕಬೇಕಾಗಬಹುದು. ಹಾಕಿದ ಮೇಲೆ ಮಾತಿಲ್ಲ. ಆಮೇಲೆ ಏನೆಂದು ಯಾರೂ ಹೇಳಲಾರರು. ಹೆಂಡತಿ ಮಗಳ ಜೊತೆ ಮಾತಾಡುವುದಿದ್ದರೆ ಇವತ್ತೇ ಆಡಬೇಕು. “ನಾವು ಹೇಳಿದ್ದೇವೆ. ಅವರು ಎಲ್ಲದಕ್ಕೂ ಗ್ರ್ಯಾಂಡ್ ಎನ್ನುತ್ತಾರೆ. ಅವರಿಗೆ ತಲುಪಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ. ನಿಮ್ಮ ಭಾಷೆಯಲ್ಲಿ ನೀವು ಒಮ್ಮೆ ಹೇಳುತ್ತೀರಾ?”

ಹೇಳುತ್ತೇನೆ ಎಂದೆ. ಹನ್ನೆರಡರಿಂದ ಐದರವರೆಗೆ ಅಡುಗೆಮನೆಯಲ್ಲಿ ಓಡಾಡುತ್ತ ವಾಕ್ಯಗಳನ್ನು ಕಟ್ಟಿದೆ. ಕನ್ನಡ ಇಷ್ಟು ಪ್ರಾಚೀನ ಭಾಷೆ, ಇದೊಂದು ವಾಕ್ಯವನ್ನು ಮಾತ್ರ ಯಾರೂ ಸಿದ್ಧಮಾಡಿಟ್ಟಿಲ್ಲ. ಹೆಂಡತಿ ಎರಡು ಸಲ ಬಾಗಿಲಿಗೆ ಬಂದು ಹೋದಳು. ಐದಕ್ಕೆ ಫೋನ್ ಹಚ್ಚಿದೆ. ಸಾಹೇಬರು “ಮಳಿ ನಿಂತೈತೇನ್ರಿ?” ಎಂದರು. ನನ್ನ ಬಾಯಿಂದ “ನಿಂತಿದೆ” ಎಂದು ಬಂತು.

ಹೀಗೆ ಐವತ್ತಾರನೆಯ ವಯಸ್ಸಿನಲ್ಲಿ, ಯಾವ ಪೂರ್ವಸಿದ್ಧತೆಯೂ ಇಲ್ಲದೆ, ನಾನು ಕಥೆಗಾರನಾದೆ. ಇಲ್ಲದ ಆಟವನ್ನು ಇದ್ದಂತೆ ಓದಿದೆ. ಮೊದಲ ಮೂರು ಇನ್ನಿಂಗ್ಸ್ ಪರವಾಗಿಲ್ಲ ಎನ್ನುವಂತೆ ನಡೆದವು. ನಾಲ್ಕರಲ್ಲಿ ಎಡಚನ ಕೈಗೆ ಚೆಂಡು ಬಡಿಸಿದೆ, ಅವನನ್ನು ಇಬ್ಬರು ಎತ್ತಿಕೊಂಡು ಹೋದರು, ಬೇರೊಬ್ಬ ಬಂದು ಎಸೆದ. ತಂಡ ಸೋಲುವಂತಾಯಿತು. ತೂತುಬುಟ್ಟಿಗೆ ಅಭ್ಯಾಸಬಲದಿಂದ ಎರಡು ತಪ್ಪು ಕೊಟ್ಟೆ. ಒಂಬತ್ತರಲ್ಲಿ, ಸೋಲಿಸಲು ಮನಸ್ಸಾಗದೆ, ಎಡಚನನ್ನು ಕೈಗೆ ಬಟ್ಟೆ ಸುತ್ತಿಸಿ ಮತ್ತೆ ಮೈದಾನಕ್ಕೆ ತಂದು ಗೆಲ್ಲಿಸಿಬಿಟ್ಟೆ.

ಆ ಕಡೆ ಆಮ್ಲಜನಕದ ಸಿಳ್ಳು ಮಾತ್ರ ಕೇಳಿಸುತ್ತಿತ್ತು. ಮಲಗಿದರೇನೋ ಎಂದುಕೊಂಡೆ.

“ಒಂಬತ್ತರಾಗ ಹೊಡದಾಂವ ಯಾರಂದ್ರಿ?”

“ಎಡಚ.”

“ನಾಕರಾಗ ಹೊರಗ ಹೋಗಿದ್ನಲ್ಲ?”

“ಹೂಂ, ಬಟ್ಟೆ ಸುತ್ಕೊಂಡು ವಾಪಸ್ ಬಂದ. ಜನ ಎಲ್ಲಾ ಎದ್ದು ನಿಂತ್ರು.”

ಮತ್ತೆ ಸಿಳ್ಳು. ಒಂದೊಂದು ಮಾತಿಗೂ ಅವರು ಉಸಿರು ಹೊಂದಿಸಿಕೊಳ್ಳಬೇಕಿತ್ತು. “ರಾಯ್ರ. ಇದು ಕ್ರಿಕೆಟ್ ಅಲ್ರಿ. ರಿಟೈರ್ಡ್ ಹರ್ಟ್ ಅನ್ನೂದು ಅಲ್ಲಿ ಇಲ್ಲ. ಒಬ್ಬಾಂವನ ಬದಲಿ ಇನ್ನೊಬ್ಬ ಬಂದ ಅಂದ್ರ ಮುಗೀತು. ಹೊರಗ ಹೋದಾಂವ ಆವತ್ತ ಮತ್ತ ಆಡೂ ಹಂಗಿಲ್ಲ.”

ನಾನು ಸ್ಕೋರ್ ಪುಸ್ತಕ ಮುಚ್ಚಿದೆ.

“ಟೀಮ್ ಮುಚ್ಯಾರ?”

“ಹೌದು.”

“ಹಂಗಂದ್ರ ನಿನ್ನಿ ಮಳಿ ಬಿದ್ದಿಲ್ಲ.”

“ಇಲ್ಲ.”

“ಮತ್ತ ಮಧ್ಯಾಹ್ನ ಡಾಕ್ಟರಮ್ಮ ನಿಮಗ ಹೇಳ್ಯಾರಲ್ಲ. ಇವತ್ತ ಬೆಳಿಗ್ಗೆ ನನಗೂ ಏನೋ ಹೇಳಿದ್ರು, ನಾ ಗ್ರ್ಯಾಂಡ್ ಅಂದೆ. ಅದರಾಗ ಖರೇ ಎಷ್ಟು, ಮಳಿ ಎಷ್ಟು?”

ಹೇಳಿದೆ. ಐದು ಗಂಟೆ ಹೊತ್ತು ಕಟ್ಟಿದ ವಾಕ್ಯಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ನಾಳೆ ಬೆಳಿಗ್ಗೆ ಮೆಷಿನ್ ಹಾಕ್ತಾರಂತೆ, ಆಮೇಲೆ ಮಾತಾಡಕ್ಕಾಗಲ್ಲ, ಮುಂದಿನ್ದು ಗೊತ್ತಿಲ್ಲ, ಮನೇಗೆ ಮಾಡೋದಿದ್ರೆ ಇವತ್ತೇ ಮಾಡಿ. ಇಷ್ಟೇ. ಸಾಹೇಬರು ಪೂರ್ತಿ ಕೇಳಿಸಿಕೊಂಡರು.

“ಫೋನ್ ಇಡ್ರಿ. ಹುಬ್ಬಳ್ಳಿಗೆ ಮಾಡಬೇಕು.”

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. “ಹೇಳಿದ್ರಾ? ಏನಂದ್ರು?” ಎಂದಳು. “ಆಟದಲ್ಲಿ ತಪ್ಪಿದೆ ಅಂದ್ರು” ಎಂದೆ. ಅವಳಿಗೆ ಅರ್ಥವಾಗಲಿಲ್ಲ.

ಮರುದಿನ ಬೆಳಿಗ್ಗೆ ಮೆಷಿನ್ ಹಾಕಿದರು. ಅದಾದ ಮೇಲಿನ ಮೂರು ವಾರ ಡಾಕ್ಟರಮ್ಮನ ಫೋನು ಬಂದಾಗಲೆಲ್ಲ ನಾನು ಎದ್ದುನಿಂತು ಮಾತಾಡುತ್ತಿದ್ದೆ. ಕುಳಿತು ಕೇಳಿದರೆ ಕೆಡುಕಾದೀತೆಂಬ ಯಾವುದೋ ಮೂಢನಂಬಿಕೆ ತಾನಾಗಿ ಹುಟ್ಟಿಕೊಂಡಿತ್ತು. ಸಾಹೇಬರು ಸಾಯಲಿಲ್ಲ. ಒಂದು ದಿನ ಕಣ್ಣು ಬಿಟ್ಟರು, ಹತ್ತು ದಿನಕ್ಕೆ ಕುಳಿತರು, ಜೂನಿನಲ್ಲಿ ಕೋಲು ಹಿಡಿದು ಮನೆಗೆ ಬಂದರು. ಆಂಬ್ಯುಲೆನ್ಸ್ ಹತ್ತಿದ್ದರಿಂದ ಹಿಡಿದು ಕಣ್ಣು ಬಿಡುವವರೆಗಿನ ಯಾವುದೂ ಅವರ ನೆನಪಿನಲ್ಲಿರಲಿಲ್ಲ. ನಾನು ಕಟ್ಟಿದ ಆಟವೂ ಇಲ್ಲ, ಅದರಲ್ಲಿ ಹಿಡಿದ ತಪ್ಪೂ ಇಲ್ಲ. ನನ್ನ ಮೇಲಿನ ಮೊಕದ್ದಮೆ ಸಾಕ್ಷಿಯಿಲ್ಲದೆ ಬಿದ್ದುಹೋಯಿತೆಂದು ನಾನು ಒಳಗೊಳಗೇ ಸಮಾಧಾನಪಟ್ಟುಕೊಂಡೆ. ಅದು ಆತುರದ ಸಮಾಧಾನ.

ಜುಲೈಯಲ್ಲಿ ರೈಲಿನಲ್ಲಿ ಓಡಾಡಬಹುದು ಎಂದಾದ ಕೂಡಲೇ ಸ್ಲೈಗೋಕ್ಕೆ ಹೋದೆ. ಅರ್ಧ ತೂಕದ ಸಾಹೇಬರು ಬಾಗಿಲು ತೆರೆದರು. ಆರು ಅಡಿ ದೂರದಲ್ಲಿ ಕುರ್ಚಿ ಹಾಕಿ ಕೂರಿಸಿ, ವಿಷಯಕ್ಕೇ ಬಂದರು.

“ಅಕಿ ಬರೂದಿಲ್ಲ ಅಂತಾಳ್ರಿ.”

ವೆಂಟಿಲೇಟರಿನ ಹಿಂದಿನ ಆ ಸಂಜೆ ಅವರು ಹೆಂಡತಿಗೆ ಫೋನ್ ಮಾಡಿ ಆಕೆಯಿಂದ ಒಂದು ಕಸಂ, ಅಂದರೆ ಆಣೆ, ತೆಗೆದುಕೊಂಡಿದ್ದರಂತೆ. ಈ ದೇಶದಲ್ಲಿ ಸತ್ತರೆ ಮಣ್ಣು ಹಾಕಲು ಹತ್ತು ಮಂದಿಗಿಂತ ಹೆಚ್ಚು ಬರುವಂತಿಲ್ಲ. ನಾನು ಇಲ್ಲಿ ಹೋದರೆ ನೀವು ಇಲ್ಲಿಗೆ ಬರಬೇಡಿ, ನಾನು ಇದ್ದರೂ ಬರಬೇಡಿ, ಮಗಳನ್ನು ಅಲ್ಲೇ ಓದಿಸು, ಆಣೆ ಮಾಡು ಎಂದು. ಆಕೆ ಮಗಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದರು. ಈಗ ಮಾಡಿಸಿದವರಿಗೆ ನೆನಪಿಲ್ಲ, ಮಾಡಿದವರಿಗೆ ಮರೆಯುತ್ತಿಲ್ಲ. ಆ ಮಾತು ಬಿಟ್ಟುಬಿಡು ಎಂದು ಸಾಹೇಬರು ಹತ್ತು ಸಲ ಹೇಳಿದ್ದರು. ಆಕೆಯ ಉತ್ತರ ಒಂದೇ: ಈಗ ನೀವು ಒಬ್ಬರೇ ಇರಲಾರದೆ ಕರೆಯುತ್ತೀರಿ, ಆವತ್ತು ನಮ್ಮ ಹಿತ ನೋಡಿ ಹೇಳಿದ್ದಿರಿ. ಆವತ್ತಿನದೇ ಖರೇ. ಹುಬ್ಬಳ್ಳಿಯಲ್ಲಿ ಮಗಳಿಗೆ ಶಾಲೆಯನ್ನೂ ನೋಡಿದ್ದರು.

ಸಾಹೇಬರು ಅಲ್ಲಿಗೇ ಫೋನ್ ಹಚ್ಚಿ ಮೇಜಿನ ಮೇಲಿಟ್ಟರು. ಆಕೆ ನನ್ನ ಯೋಗಕ್ಷೇಮ ಕೇಳಿದರು. ಆಮೇಲೆ, ಬಹಳ ದಿನದಿಂದ ಇಟ್ಟುಕೊಂಡ ಪ್ರಶ್ನೆಯಂತೆ ಕೇಳಿದರು.

“ಅಣ್ಣಾರ, ಆವತ್ತ ನನಗ ಫೋನ್ ಮಾಡೂಕಿಂತ ಮೊದಲ ನಿಮ್ಮ ಜೋಡಿನ ಮಾತಾಡಿದ್ರಂತ. ಹೋಶ್‌ನ್ಯಾಗ ಇಲ್ದಾಗ ತಗೊಂಡ ಮಾತು ಮಾತಲ್ಲ ಅಂತ ನಮ್ಮ ಹಿರ್ಯಾರು ಅಂತಾರ. ನೀವ ಖರೇ ಹೇಳ್ರಿ. ಅವರ ತಲಿ ಸರಿ ಇತ್ತೇನು?”

ಸರಿ ಇತ್ತೇ! ಆ ಸಂಜೆ ಈ ದ್ವೀಪದಲ್ಲಿ ಅವರಷ್ಟು ಸರಿಯಾದ ತಲೆ ಇನ್ನೊಂದಿರಲಿಲ್ಲ. ಉಸಿರಿಗೆ ಪರದಾಡುತ್ತ, ಒಂಬತ್ತನೆಯ ಇನ್ನಿಂಗ್ಸಿನವನು ನಾಲ್ಕನೆಯದರಲ್ಲಿ ಹೊರಗೆ ಹೋದದ್ದನ್ನು ನೆನಪಿಟ್ಟವರು. ನಾನು ಸಾಹೇಬರನ್ನು ನೋಡಿದೆ. ಅವರು ತಮ್ಮ ಮಂಡಿ ನೋಡುತ್ತ ಕುಳಿತಿದ್ದರು. ಗೋಡೆಯ ಮೇಲೆ ಮಗಳ ಶಾಲೆಯ ವೇಳಾಪಟ್ಟಿ ಅಂಟಿಸಿದ್ದು ಹಾಗೇ ಇತ್ತು.

“ಇರ್ಲಿಲ್ಲಮ್ಮ” ಎಂದೆ. “ಏನೇನೋ ಮಾತಾಡ್ತಿದ್ರು. ನಾನು ಯಾರು ಅಂತ್ಲೂ ಗೊತ್ತಾಗ್ಲಿಲ್ಲ ಅವ್ರಿಗೆ.”

“ಹಂಗಂದ್ರ ವಿಮಾನ ಯಾವಾಗ ಬಿಡ್ತಾರ ನೋಡ್ತೀನಿ” ಎಂದರು. ಆಕೆ ಕನ್ನಡ ಚೆನ್ನಾಗಿ ಆಡುತ್ತಾರೆ. ಕಲಿತದ್ದು ಉರ್ದು ಶಾಲೆಯಲ್ಲಿ, ಕನ್ನಡದ ಅಕ್ಷರ ಮರೆತು ಎಷ್ಟೋ ವರ್ಷಗಳಾದವು. ಮಗಳಿಗೆ ಮೊದಲೇ ಬಾರದು. ನನಗೆ ಇದನ್ನು ಬರೆಯಲು ಸಿಕ್ಕಿರುವ ಧೈರ್ಯ ಅಷ್ಟೇ.

ಸೆಪ್ಟೆಂಬರಿಗೆ ಇಬ್ಬರೂ ಬಂದರು. ಎಲ್ಲ ಸರಿಹೋಯಿತೆಂದು ನಾನು ಅಂದುಕೊಂಡೆ. ಸಾಹೇಬರು ಮಾತ್ರ ಮೊದಲಿನಂತಾಗಲಿಲ್ಲ. ಯಾರದೋ ಹೆಸರು ತಟ್ಟನೆ ಹೊಳೆಯದಿದ್ದರೆ, ಎಲ್ಲರಿಗೂ ಆಗುವ ಹಾಗೆ, ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. ನಳಿಕೆಗಳನ್ನು ಎರಡೆರಡು ಸಲ ಎಣಿಸತೊಡಗಿದರು, ಆಮೇಲೆ ಮೂರು ಸಲ. ಗ್ಯಾಸ್ ಆರಿಸಿದೆನೇ ಎಂದು ಕಾರ್ಖಾನೆಯಿಂದ ಮನೆಗೆ ಬಂದು ನೋಡಿ ಹೋಗುತ್ತಿದ್ದರು. ಫೋನಿನಲ್ಲಿ ನನ್ನನ್ನು ಕೇಳುತ್ತಿದ್ದರು: “ರಾಯ್ರ, ಆವತ್ತ ನಾ ಮತ್ತೇನೇನ ಹುಚ್ಚುಚ್ಚಾರ ಮಾತಾಡಿದ್ನಿರಿ?” ಹೆಂಡತಿ ಮಗಳನ್ನು ನಾನು ಅವರಿಗೆ ವಾಪಸ್ ಕೊಡಿಸಿದ್ದೆ, ಅದಕ್ಕೆ ಬದಲಾಗಿ ಅವರ ತಲೆಯ ಮೇಲೆ ಅವರಿಗಿದ್ದ ನಂಬಿಕೆಯನ್ನು ಕಸಿದಿದ್ದೆ. ನೆನಪಿಲ್ಲ ಸಾಹೇಬ್ರೇ ಎನ್ನುತ್ತಿದ್ದೆ. ಒಂದು ಸುಳ್ಳಿಗೆ ಒಬ್ಬ ಕಾವಲುಗಾರ ಸಾಕಾಗುವುದಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಅವರು ನೆನಪಿನ ತೊಂದರೆ ನೋಡುವ ಡಾಕ್ಟರೊಬ್ಬರ ಹತ್ತಿರ ಸಮಯ ತೆಗೆದುಕೊಂಡರು, ಲೆಟರ್‌ಕೆನ್ನಿ ಎಂಬ ಊರಿನಲ್ಲಿ. ಜೊತೆಗೆ ಯಾರಾದರೂ ಬಲ್ಲವರು ಬರಬೇಕೆಂದಿದ್ದರು. “ಅಕಿ ಬಂದ್ರ ಅಳತಾಳ. ನೀವ ಬರ್ರಿ. ಇದು ಶುರು ಆಗಿದ್ದ ನೋಡಿದವ್ರು ನೀವೊಬ್ರ ಅದೀರಿ” ಎಂದರು. ಕಾರಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅವರು ಊರುಗಳ ಹೆಸರನ್ನು ಬೋರ್ಡು ಕಾಣುವ ಮೊದಲೇ ಗಟ್ಟಿಯಾಗಿ ಹೇಳುತ್ತ, ಸರಿಯಾಯಿತೇ ಎಂದು ನನ್ನ ಮುಖ ನೋಡುತ್ತಿದ್ದರು. ಎಲ್ಲವೂ ಸರಿಯಾಗಿತ್ತು.

ಡಾಕ್ಟರು ಚಿತ್ರ ತೋರಿಸಿದರು, ಅಂಕಿ ಹಿಂದುಮುಂದಾಗಿ ಹೇಳಿಸಿದರು. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದರೆ ಸಾಹೇಬರು ಡಾಕ್ಟರಿಗಿಂತ ಮುಂದೆ ಹೋದರು. ಆಮೇಲೆ ಡಾಕ್ಟರು ಪೆನ್ನು ತೆಗೆದುಕೊಂಡು, ಇದು ಮೊದಲು ಕಂಡದ್ದು ಯಾವಾಗ ಎಂದು ಕೇಳಿದರು. ಸಾಹೇಬರು ನನ್ನ ಕಡೆ ಕೈ ತೋರಿಸಿದರು. ವೆಂಟಿಲೇಟರಿನ ಹಿಂದಿನ ಸಂಜೆ, ನನಗೆ ಮಾತಿನ ಮೇಲೆ ಹಿಡಿತವಿರಲಿಲ್ಲ, ಇವರು ಹೇಳುತ್ತಾರೆ ಎಂದರು.

ಡಾಕ್ಟರು ಬರೆಯಲು ಕಾಯುತ್ತಿದ್ದರು. ಅಚ್ಚಾದ ತಪ್ಪು ಎಷ್ಟು ಕಾಲ ಉಳಿಯುತ್ತದೆಂದು ನನಗೆ ಗೊತ್ತಿತ್ತು.

“ಆ ಸಂಜೆ ಇವರ ತಲೆ ಪೂರ್ತಿ ಸರಿ ಇತ್ತು” ಎಂದು ಇಂಗ್ಲಿಷಿನಲ್ಲಿ ಹೇಳಿದೆ. “ನಾನು ಹೇಳಿದ ಒಂದು ಸುಳ್ಳನ್ನು ಹಿಡಿದರು. ಆಮೇಲೆ ನಾನು ಹೇಳಿದ ಇನ್ನೊಂದನ್ನು ಹಿಡಿಯಲು ಅವರಿಗೆ ನೆನಪು ಉಳಿದಿರಲಿಲ್ಲ. ಅಷ್ಟೇ.” ಎಡಚನ ವಿಷಯವನ್ನೂ ಹೇಳಿದೆ. ಡಾಕ್ಟರಿಗೆ ಬೇಸ್‌ಬಾಲ್ ಗೊತ್ತಿರಲಿಲ್ಲ; ಸುಮ್ಮನೆ ತಲೆಯಾಡಿಸಿ, ಆ ದಿನಗಳು ಹೀಗೆ ಅಳಿಸಿಹೋಗುವುದು ಎಷ್ಟೋ ಜನಕ್ಕೆ ಆಗಿದೆ, ಉಳಿದಂತೆ ಇವರಲ್ಲಿ ನನಗೆ ಏನೂ ಕಾಣುತ್ತಿಲ್ಲ ಎಂದರು.

ವಾಪಸ್ ಬರುವಾಗ ಸಾಹೇಬರು ಬೋರ್ಡುಗಳ ಕಡೆ ತಿರುಗಿಯೂ ನೋಡದೆ ಗಾಡಿ ಓಡಿಸಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಸಮುದ್ರ ಕಾಣುವ ಒಂದು ತಿರುವಿನಲ್ಲಿ ಗಾಡಿ ನಿಲ್ಲಿಸಿದರು.

“ಅಂದ್ರ ಬರಬ್ಯಾಡ್ರಿ ಅಂತ ನಾನ ಹೇಳೀನಿ. ಹೋಶ್‌ನ್ಯಾಗ ಇದ್ದ ಹೇಳೀನಿ.”

“ಹೌದು.”

“ಮಗಳ ತಲಿ ಮ್ಯಾಲ ಕೈ ಇಡಿಸಿ.”

ಅವರು ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ನೀರು ನೋಡುತ್ತಿದ್ದರು. “ಅಕಿಗೆ ಇದು ತಿಳದ್ರ ನಾಳೆ ಗಂಟು ಕಟ್ಟತಾಳ್ರಿ. ಆಣಿ ಮುರದ್ರ ಮಗಳಿಗೆ ಏನಾರ ಆದೀತು ಅಂತ ಅಕಿ ಹೆದರಿಕಿ. ಇಲ್ಲೀತನ ಮಗಳಿಗೆ ಜ್ವರ ಬಂದ್ರೂ ಅಕಿ ಹೆದರಿಲ್ಲ, ಯಾಕಂದ್ರ ಅಕಿ ಪಾಲಿಗೆ ಆವತ್ತ ನಾ ಹುಚ್ಚ ಇದ್ದೆ.” ಗಾಡಿ ಮತ್ತೆ ಶುರು ಮಾಡಿದರು. “ಹೇಳಬ್ಯಾಡ್ರಿ.”

ಮನೆ ಮುಟ್ಟಿದಾಗ ಆಕೆ ಬಾಗಿಲಲ್ಲೇ ಕಾಯುತ್ತಿದ್ದರು. ಮಗಳು ಮಹಡಿಯ ಮೆಟ್ಟಿಲ ಮೇಲೆ ಕುಳಿತು ಕೇಳಿಸಿಕೊಳ್ಳುತ್ತಿದ್ದಳು, ಸಣ್ಣಗೆ ಕೆಮ್ಮುತ್ತಿದ್ದಳು.

“ಏನಂದ್ರು ಡಾಕ್ಟರು?”

ಸಾಹೇಬರು ಬಗ್ಗಿ ಬೂಟಿನ ದಾರ ಬಿಚ್ಚುತ್ತಿದ್ದರು. ಮೆಟ್ಟಿಲ ಕಡೆ ಒಮ್ಮೆ ನೋಡಿದರು. “ತಲಿ ಆ ವಾರದಾಗ ಕೆಟ್ಟಿದ್ದ ಖರೇ ಅಂತ. ಇನ್ನೂ ಪೂರ್ತಿ ಸರಿ ಆಗಿಲ್ಲಂತ. ಮರವು ಇರತೈತಿ ಅಂದ್ರು.”

“ನಾ ಅಂದಿದ್ನಲ್ಲ” ಎಂದು ಆಕೆ ನಿಟ್ಟುಸಿರುಬಿಟ್ಟರು. ಅದರಲ್ಲಿ ದುಃಖಕ್ಕಿಂತ ನಿರಾಳ ಹೆಚ್ಚಿತ್ತೆಂದು ನಾನು ಆಣೆ ಮಾಡಬಲ್ಲೆ, ನನ್ನ ಆಣೆಗೆ ಬೆಲೆಯಿದ್ದರೆ.

ಸಾಹೇಬರು ನೆಟ್ಟಗಾದರು. ಅಂಗಿಯ ಜೇಬು ತಡವಿದರು, ಪ್ಯಾಂಟಿನ ಜೇಬು ತಡವಿದರು, ನನ್ನ ಮುಖ ನೋಡದೆ ಕೇಳಿದರು: “ಏ ಇವಳ, ಕಾರಿನ ಕೀಲಿ ಎಲ್ಲಿ ಇಟ್ನಿ?”

ಕೀಲಿ ಅವರ ಎಡಗೈಯಲ್ಲೇ ಇತ್ತು. ಬಿಗಿಯಾಗಿ ಹಿಡಿದಿದ್ದರು. ಆಕೆ ನಕ್ಕು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅದನ್ನು ತೆಗೆದುಕೊಂಡರು.